ಬಟನ್ ಮೇಡಂ ಮಗಳ ತಪ್ಪು ಉತ್ತರ

ಅದಕ್ಕೇ ಹೇಳಿದ್ದು, ಬಟನ್ ಮೇಡಂ ಅವರನ್ನು ಬೈಯುವ ಮುಂಚೆ ಪೂರ್ತಿ ಕಥೆ ಕೇಳಿ ಅಂತ.

ಟೀಚರಾಗಲು ಓದುವವರಿಗೆ ಮಕ್ಕಳ ಬುದ್ಧಿ ಹಂತಹಂತವಾಗಿ ಹೇಗೆ ಬೆಳೆಯುತ್ತದೆ ಎಂದು ಪಾಠ ಮಾಡುವುದು ಅವರ ಕೆಲಸ. ಬೋರ್ಡಿನ ಮೇಲೆ ಎಷ್ಟು ಬರೆದರೂ ಹಿಂದಿನ ಬೆಂಚು ತೂಕಡಿಸುತ್ತಿತ್ತು. ಒಂದು ದಿನ ತಮ್ಮ ಪುಟ್ಟ ಮಗಳನ್ನೇ ಕರೆತಂದು ಮೇಜಿನ ಮೇಲೆ ಕೂರಿಸಿದರು. ಅಂಗಿಯ ಬಟನ್‌ಗಳನ್ನು ಎರಡು ಸಾಲು ಜೋಡಿಸಿ, ಎರಡೂ ಸಮ ಎಂದು ಅವಳ ಬಾಯಲ್ಲೇ ಹೇಳಿಸಿದರು. ಆಮೇಲೆ ಅವಳ ಕಣ್ಣೆದುರೇ ಒಂದು ಸಾಲಿನ ಬಟನ್‌ಗಳನ್ನು ದೂರದೂರ ಸರಿಸಿ ಉದ್ದ ಮಾಡಿದರು.

"ಈಗ ಯಾವುದ್ರಲ್ಲಿ ಜಾಸ್ತಿ ಇದೆ ಪುಟ್ಟಿ?"

"ಉದ್ದ ಇರೋದ್ರಲ್ಲಿ."

ಸಣ್ಣ ಮಕ್ಕಳು ಹೇಳುವುದೇ ಹಾಗೆ, ಕಣ್ಣಿಗೆ ಉದ್ದ ಕಂಡದ್ದೇ ಅವರಿಗೆ ಹೆಚ್ಚು. ಕ್ಲಾಸು ಚಪ್ಪಾಳೆ ಹೊಡೆಯಿತು. ಮೇಡಂ ಮುಖ ಮೊರದಗಲವಾಯಿತು. ಮಗಳು ಆ ಮುಖವನ್ನು ನೋಡಿಕೊಂಡಳು.

ಅಲ್ಲಿಂದ ಹೊಸ ಬ್ಯಾಚು ಬಂದಾಗಲೆಲ್ಲ ಅದೇ ಮೇಜು, ಅದೇ ಬಟನ್, ಅದೇ ಉತ್ತರ. ಮಗಳು ಬೆಳೆದಳು, ಉತ್ತರ ಬೆಳೆಯಲಿಲ್ಲ. ಅಜ್ಜಿಗೆ ಮಾತ್ರ ಕಸಿವಿಸಿ.

"ಅಲ್ವೇ, ಮನೆಮಂದಿಗೆಲ್ಲ ಸರಿಯಾಗಿ ತಟ್ಟೆ ಇಡೋಳಿಗೆ ಇಷ್ಟು ಗೊತ್ತಾಗಲ್ವಾ?"

"ಕೆಲವು ಮಕ್ಕಳು ನಿಧಾನ ಅಮ್ಮ. ನಾವು ತಿದ್ದಬಾರ್ದು, ಅವಳೇ ತಿಳ್ಕೋಬೇಕು."

"ನಿನ್ನ ಪುಸ್ತಕಕ್ಕಿಷ್ಟು ಬೆಂಕಿ ಹಾಕ."

ಕೊನೆಗೆ ಮಗಳ ಶಾಲೆಯಿಂದಲೇ ಕರೆ ಬಂತು. ಲೆಕ್ಕದಲ್ಲಿ ಏನು ಕೇಳಿದರೂ ತಪ್ಪು, ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸುತ್ತೇವೆ ಎಂದರು ಹೆಡ್‌ಮಿಸ್.

"ನನ್ನೆದುರಿಗೆ ಒಂದ್ಸಲ ಕೇಳಿ ನೋಡಿ" ಎಂದು ಮೇಡಂ ಅಂಗಲಾಚಿದರು.

ಹೆಡ್‌ಮಿಸ್ ಮೇಜಿನ ಮೇಲಿದ್ದ ಚಾಕ್ ತುಂಡುಗಳನ್ನು ಎರಡು ಗುಂಪು ಮಾಡಿ, ಒಟ್ಟು ಎಷ್ಟು ಎಂದರು. ಮಗಳು ಚಾಕ್ ಕಡೆ ನೋಡಲೇ ಇಲ್ಲ, ಅಮ್ಮನ ಮುಖ ನೋಡಿದಳು.

"ಎಷ್ಟು ವರ್ಷದ ಪಾಪು ಥರ ಹೇಳ್ಲಿ ಅಮ್ಮ?"

ಮೇಡಂ ಮಗಳ ಮುಂದೆ ಬಗ್ಗಿದರು. "ನಿಂಗೆ ಗೊತ್ತಿರೋದು ಹೇಳು ಪುಟ್ಟಿ."

"ಅದು ಹೇಳಿದ್ರೆ ನಿಂಗೆ ಖುಷಿ ಆಗಲ್ವಲ್ಲ."

ಹೆಡ್‌ಮಿಸ್ ಕನ್ನಡಕ ತೆಗೆದಿಟ್ಟರು. ಪಾಪ ಎನಿಸಿದರೂ ತೀರ್ಮಾನ ಬದಲಾಗಲಿಲ್ಲ. ಸರಿ ಉತ್ತರ ಗೊತ್ತಿದ್ದೂ ತಪ್ಪೇ ಹೇಳುವ ಮಗುವನ್ನು ಮುಂದಿನ ಕ್ಲಾಸಿಗೆ ಹೇಗೆ ಕಳಿಸುವುದು?

ಈಗ ಮೇಡಂ ಕಾಲೇಜಿನಲ್ಲಿ ಬೋರ್ಡಿನ ಮೇಲಷ್ಟೇ ಬರೆಯುತ್ತಾರೆ. ಹಿಂದಿನ ಬೆಂಚು ಮತ್ತೆ ತೂಕಡಿಸುತ್ತದೆ. ಸಂಜೆ ಮನೆಯಲ್ಲಿ ಲೆಕ್ಕ ಹೇಳಿಕೊಡುವಾಗ ಮುಖ ಕಾಣದಿರಲೆಂದು ಮಗಳಿಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ಕೂರುತ್ತಾರೆ. ಹಿಂದಿನಿಂದ ಉತ್ತರ ಬರುವುದಿಲ್ಲ. "ಈ ಕಡೆ ತಿರುಗು ಅಮ್ಮ" ಎಂಬ ಮಾತೊಂದೇ ಬರುತ್ತದೆ. ತಿರುಗಿದರೆ ಮುಗಿಯಿತು, ಹಳೇ ಕಥೆಯೇ. ತಿರುಗದಿದ್ದರೆ ಅಳು.

ಅವರನ್ನು ನೀವೊಮ್ಮೆ ನೋಡಿ ಬನ್ನಿ. ಕಾಲೇಜಿನ ಹಿಂದಿನ ಬೀದಿ, ಹೊರಗಡೆ ಮೆಟ್ಟಿಲಿರುವ ಮನೆ. ಮಗುವನ್ನು ಕೆಡಿಸಿದರು ಅಂತ ಎಲ್ಲರೂ ಬೈಯುತ್ತಾರೆ, ಆ ಮನೆಗೆ ಈಗ ಯಾರೂ ಹೆಚ್ಚು ಹೋಗುವುದಿಲ್ಲ. ಪುಟ್ಟಿಗೆ ಮಾತ್ರ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿದ್ದು ಬನ್ನಿ.