ಸಹಿಗೆ ಮುಂಚಿನ ಶುಕ್ರವಾರ

ಬಹರೈನಿನ ಒಂದು ಕ್ಲಬ್ಬಿಗೆ ಸಂಬಳದ ಮೇಲೆ ಬಾಸ್ಕೆಟ್‌ಬಾಲ್ ಆಡಲು ಸೇರಿದಂದಿನಿಂದ, ಪ್ರತಿ ಅಭ್ಯಾಸದ ದಿನ ನೂರು ಫ್ರೀ ಥ್ರೋ ಎಸೆದು, ಎಷ್ಟು ಬಿದ್ದವೆಂದು ತಾರೀಖಿನ ಮುಂದೆ ಬರೆದಿಡುತ್ತೇನೆ. ನನ್ನದು ಸಾಮಾನ್ಯವಾಗಿ ಎಂಬತ್ತರ ಆಸುಪಾಸು. ಈ ಸೀಸನ್ನಿನ ಕೊನೆಗೆ ಅದರ ಪಕ್ಕ ಇನ್ನೊಂದು ಲೆಕ್ಕ ಸೇರಿಕೊಂಡಿತು: ಎಡ ಮಂಡಿ ಮಡಚುವಾಗ ಎಷ್ಟು ಸಲ ಸಿಕ್ಕಿಕೊಂಡಿತು ಎಂಬುದು. ಮೊದಲು ಒಂದು ಸಲ, ಆಮೇಲೆ ಎರಡು. ಅದು ಐದಕ್ಕೇರಿದ ಬುಧವಾರವೇ ಕೋಚ್ ನನ್ನನ್ನು ಕರೆದು, ಮುಂದಿನ ಸೀಸನ್ನಿನ ಕರಾರುಪತ್ರ ಭಾನುವಾರ ಸಿದ್ಧವಾಗುತ್ತದೆ, ಬಂದು ಸಹಿ ಹಾಕು ಎಂದರು.

ನಮ್ಮ ಕರಾರು ಒಂದೊಂದೇ ಸೀಸನ್ನಿಗೆ. ನನ್ನ ಜಾಗಕ್ಕೆ ನನಗಿಂತ ಚಿಕ್ಕವಳೊಬ್ಬಳು ಬೆಂಚಿನ ಮೇಲೆ ಕಾಯುತ್ತಿದ್ದಳು. ಹಾಗಾಗಿ ಯೋಜನೆ ಹಾಕಿದೆ: ಭಾನುವಾರ ಸಹಿ, ಸೋಮವಾರ ಡಾಕ್ಟರು. ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ. ಅಮ್ಮ ನರ್ಸ್, ಅವಳೆದುರು ಮೆಟ್ಟಿಲು ಹತ್ತುವುದೂ ಬೇಡವೆಂದು, ಎರಡನೇ ಮಹಡಿಯ ನಮ್ಮ ಮನೆಗೆ ಎಂದೂ ಲಿಫ್ಟ್ ಹಿಡಿಯದವಳು ಫೋನ್ ನೋಡುತ್ತ ಲಿಫ್ಟಿಗೆ ಕಾದು ನಿಂತೆ.

ಶುಕ್ರವಾರ ಮಧ್ಯಾಹ್ನ ಕೋಳಿ ಸಾರು, ಗರಿಗರಿ ಕೋರಿ ರೊಟ್ಟಿ. ಅಮ್ಮ ಅಂದು ಊಟಕ್ಕೆ ನೆಲದ ಮೇಲೆ ಚಾಪೆ ಹಾಸಿದಳು. ಮೇಜಿನ ತುಂಬ ಬಟ್ಟೆ ಎಂದಳು. ಎತ್ತಿಡುವುದು ಅರ್ಧ ನಿಮಿಷದ ಕೆಲಸ. ನಾನು ಎಡಗಾಲು ಚಾಚಿ ಕುಳಿತೆ. ಟುಬ್ಲಿಯ ಗ್ಯಾರೇಜಿನಲ್ಲಿ ವಾರವಿಡೀ ಕಾರಿನಡಿ ಮಲಗುವ ಅಪ್ಪ ಆರಾಮಾಗಿ ಚಕ್ಕಳಮಕ್ಕಳ ಹಾಕಿ, ದೊಡ್ಡ ಪ್ಲೇಯರಿಗೆ ಕುರ್ಚಿಯೇ ಬೇಕೇನೋ ಎಂದು ಕೀಟಲೆ ಮಾಡಿದ.

“ಕಾಲು ಮಡಚಿ ಕೂತ್ಕೊ,” ಅಮ್ಮ ಸೌಟು ಹಿಡಿದು ನಿಂತೇ ಹೇಳಿದಳು. “ಕೂತ ಮೇಲೆ ಬಡಿಸ್ತೇನೆ.”

ಮಡಚಲು ನೋಡಿದೆ. ಅರ್ಧಕ್ಕೆ ಮಂಡಿ ಸಿಕ್ಕಿಕೊಂಡಿತು. ಕಾಲು ತಗುಲಿ ತಟ್ಟೆ ಸರಿದು ರೊಟ್ಟಿಯ ಚೂರುಗಳು ಚಾಪೆಯ ತುಂಬ ಹರಡಿದವು. ಅಪ್ಪನ ನಗು ನಿಂತಿತು. ಅಮ್ಮ ಸೌಟು ಕೆಳಗಿಟ್ಟು ನನ್ನ ಎರಡೂ ಮಂಡಿಗಳನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಎಡದ್ದು ಬಿಸಿಯಿತ್ತು.

“ಲಿಫ್ಟ್ ಹತ್ತುವಾಗ್ಲೇ ನಂಗೆ ಡೌಟ್ ಬಂತು. ಎಷ್ಟು ದಿನ ಆಯ್ತು?”

ಮೂರು ವಾರ ಎಂದೆ. ಭಾನುವಾರ, ಸೋಮವಾರದ ಯೋಜನೆಯನ್ನೂ ಹೇಳಿದೆ. ಮನಸ್ಸಿನಲ್ಲಿದ್ದಾಗ ಇದ್ದ ಜಾಣತನ ಅದಕ್ಕೆ ಈಗ ಇರಲಿಲ್ಲ.

“ಭಾನುವಾರ ಸಹಿ ಹಾಕಿದ ಮೇಲೆ ಪ್ರಾಕ್ಟೀಸ್ ಉಂಟಲ್ಲ ಮಾರಾಯ್ತಿ. ಅದ್ರಲ್ಲಿ ಮಂಡಿ ಪೂರ್ತಿ ಹೋದ್ರೆ ಎಂತ ಮಾಡ್ತಿ?”

ಆ ಒಂದು ಪ್ರಾಕ್ಟೀಸನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾನುವಾರ ಅಮ್ಮ ಡ್ಯೂಟಿ ಬದಲಾಯಿಸಿಕೊಂಡು ಜೊತೆಗೆ ಬಂದಳು. ಕೋಚರ ಮೇಜಿನ ಮೇಲೆ ಕರಾರುಪತ್ರ, ಅದರ ಮೇಲೆ ಪೆನ್ನು. ಪೆನ್ನು ಮುಟ್ಟುವ ಮೊದಲೇ ಮಂಡಿಯ ವಿಷಯ ಹೇಳಿದೆ. ಇಲ್ಲಿ ಯಾವ ಮಾತಾದರೂ ಮುಗಿಯುವುದು ‘ಖಲಾಸ್’ ಎಂಬಲ್ಲಿಗೆ. ಅದನ್ನು ಕೇಳಬೇಕಾದೀತೆಂದು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅವರು ಹಾಗೆನ್ನಲಿಲ್ಲ. ಮೊದಲು ಸ್ಕ್ಯಾನ್ ಮಾಡಿಸು, ಪತ್ರ ಇಲ್ಲೇ ಇರುತ್ತದೆ ಎಂದು ಅದನ್ನು ಡ್ರಾಯರಿಗೆ ಹಾಕಿದರು. ಎಷ್ಟು ದಿನ ಇರುತ್ತದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂದಿನ ಅಭ್ಯಾಸವನ್ನು ಬೆಂಚಿನ ಮೇಲೆ ಕುಳಿತು ನೋಡಿದೆ. ನನ್ನ ಜಾಗದಲ್ಲಿ ಆ ಚಿಕ್ಕವಳು ಫ್ರೀ ಥ್ರೋ ಎಸೆಯತೊಡಗಿದಳು. ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಒಂದು ಚೆಂಡು ರಿಂಗಿಗೆ ಬಡಿದು ನನ್ನತ್ತ ಪುಟಿಯಿತು. ಹಿಡಿಯಲು ಏಳಹೊರಟೆ. ಗ್ಯಾಲರಿಯಲ್ಲಿದ್ದ ಅಮ್ಮ ಅಲ್ಲಿಂದಲೇ, ಕೂತ್ಕೊ ಎಂಬಂತೆ ಅಂಗೈ ತಗ್ಗಿಸಿದಳು. ಚೆಂಡು ನನ್ನ ಕಾಲ ಪಕ್ಕದಿಂದ ಗೋಡೆಯವರೆಗೆ ಉರುಳಿತು. ಆ ಹುಡುಗಿ ಇನ್ನೊಂದು ಚೆಂಡು ಕೈಗೆತ್ತಿಕೊಂಡಳು. ಅಲ್ಲಿಯವರೆಗೆ ಅವಳದು ಇಪ್ಪತ್ತಕ್ಕೆ ಹದಿನೇಳು.