ಬೆಡ್‌ಶೀಟಿನ ಆ ತುದಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿಯಕ್ಕನನ್ನು ಅರಿಯದವರಿಲ್ಲ. ಒದ್ದೆ ಬಟ್ಟೆಯ ಆವಿ ಕುಡಿದೇ ಕೂದಲು ನೆರೆಸಿಕೊಂಡವಳು. ಹಿಂದೆ ಮುಷ್ಕರ ನಡೆದಾಗ ಗೇಟಿಗೆ ಅಡ್ಡ ಮಲಗಿ, "ಮೊದ್ಲು ನನ್ ಮೇಲೆ ಲಾರಿ ಹತ್ಸಿ, ಆಮೇಲೆ ನಿಮ್ ಬಟ್ಟೆ ನೀವೇ ಒಕ್ಕೊಳ್ಳಿ" ಎಂದವಳು. ಇನ್ನೊಬ್ಬರ ಹುಕುಂ ಅವಳ ಕಿವಿಗೆ ಹತ್ತದು. ತಾನೇ ಹುಕುಂ ಮಾಡಲು ನಾಲಿಗೆ ಏಳದು.

ಆದರೆ ಬೆಡ್‌ಶೀಟು ಮಡಚಲು ಇಬ್ಬರು ಬೇಕು, ಆ ತುದಿಗೊಬ್ಬರು, ಈ ತುದಿಗೊಬ್ಬರು. ಒದರಬೇಕು, ಎಳೆಯಬೇಕು, ಮಡಚಬೇಕು. ಆಮೇಲೆ ಒಬ್ಬರು ನಿಲ್ಲಬೇಕು, ಇನ್ನೊಬ್ಬರು ನಡೆದು ಬರಬೇಕು. ಹಳೆಯ ಜೊತೆಗಾತಿ ನಿವೃತ್ತಳಾದ ಮೇಲೆ ಆ ತುದಿಗೆ ಬಂದ ಹೊಸಬಳು ಪರದೇಶದ ಹುಡುಗಿ, ಅವಳಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದು. ಇಬ್ಬರೂ ಒಟ್ಟಿಗೆ ನಡೆದರೆ ಹಣೆಗೆ ಹಣೆ ಡಿಕ್ಕಿ. ಇಬ್ಬರೂ ನಿಂತರೆ ಬೆಪ್ಪಾಗಿ ಮುಖ ನೋಡುವುದು. ಅವಳ ಹಿಡಿತ ಮಾತ್ರ ಉಡದ ಪಟ್ಟು. ಅಂಥ ಕೈ ಮತ್ತೆ ಸಿಗದೆಂದು ಅಕ್ಕನಿಗೆ ಗೊತ್ತಿತ್ತು.

ಕೋಣೆಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ. "ಶನಿವಾರದೊಳಗೆ ನಿಮ್ಮ ಜೋಡಿ ಕೂಡ್ಲಿಲ್ಲ ಅಂದ್ರೆ ಅವಳನ್ನ ಮನೆಗೆ ಕಳಿಸ್ತೀನಿ ಅಕ್ಕಾ."

"ಜೋಡಿ ಕೂಡ್ಸೋಕೆ ನೀನೇನು ಮದುವೆ ದಲ್ಲಾಳಿಯೇನೋ?" ಎಂದಳು ಅಕ್ಕ.

ಅಕ್ಕನ ಸೊಸೆ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುವವಳು. ಸಂಜೆ ಪಾತ್ರೆ ತೊಳೆಯುತ್ತ ಅಕ್ಕ ಬಿಗುಮಾನ ಬಿಟ್ಟು, ಎಳಿ, ಮಡಚು, ನಿಲ್ಲು ಎಂದು ಸ್ಪ್ಯಾನಿಷಿನಲ್ಲಿ ಹೇಳುವುದು ಹೇಗೆಂದು ಕೇಳಿದಳು.

"ಹುಕುಂ ಮಾಡೋದನ್ನ ಸೊಸೆ ಹತ್ರ ಕಲಿಯೋ ಅತ್ತೆ ಲೋಕದಲ್ಲಿ ನೀವೊಬ್ರೇ ಅತ್ತೆ!"

"ಬಾಯಿ ಮುಚ್ಕೊಂಡು ಕಲಿಸೇ."

"ಬಾಯಿ ಮುಚ್ಕೊಂಡು ಹೆಂಗೆ ಕಲಿಸ್ಲಿ? ನೋಡಿ, ಮಡಚೋದಕ್ಕೆ 'ದೊಬ್ಲಾರ್' ಅಂತಾರೆ. ಬಾಲದ 'ರ್' ಕತ್ತರಿಸಿ ಬಿಸಾಕಿ. 'ದೊಬ್ಲಾ' ಅಂದ್ರೆ ಮಡಚು. 'ಎಸ್ತೀರಾ', ಎಳಿ. 'ಎಸ್ಪೇರಾ', ನಿಲ್ಲು, ಕಾಯಿ. 'ಏರ್', 'ಈರ್' ಅಂತ ಮುಗಿದ್ರೆ ಮಾತ್ರ ಕೊನೆಗೆ 'ಎ' ಬರತ್ತೆ. ಒದರೋದು 'ಸಾಕುದೀರ್', ಒದರು ಅನ್ನೋಕೆ 'ಸಾಕೂದೆ'."

"ಬಾಲ ಕತ್ತರಿಸಿದ್ರೆ ಹುಕುಂ! ನಮ್ಮ ಮೇಸ್ತ್ರಿಗೆ ಬಾಲ ಇದೆ, ಕತ್ತರಿಸೋರಿಲ್ಲ. ಅಂದಹಾಗೆ, ಹುಕುಂ ಮಾಡೋದಕ್ಕೇ ಏನಂತಾರೆ?"

"'ಮಾಂದಾರ್'."

ಮರುದಿನದಿಂದ ಅಕ್ಕ ಕೂಗಿದಳು, ಹೊಸಬಳು ಮಾಡಿದಳು. ಹಣೆಗಳು ಉಳಿದವು, ಶೀಟು ಮಾತ್ರ ನಡುವೆ ಜೋತುಬಿತ್ತು, ಅಂಚಿಗೆ ಅಂಚು ಕೂಡಲಿಲ್ಲ. ಉಡದ ಪಟ್ಟು ಸಡಿಲವಾಗಿತ್ತು. ಹುಡುಗಿಯ ಮುಖ ಬೀಗ ಹಾಕಿದ ಬಾಗಿಲು. ಅಕ್ಕನಿಗೆ ಆ ಮುಖ ಚೆನ್ನಾಗಿ ಗೊತ್ತು. ಮೇಸ್ತ್ರಿ ಅರಚುವಾಗ ತಾನೇ ಹಾಕಿಕೊಳ್ಳುತ್ತಿದ್ದ ಮುಖ ಅದು. 'ಥೂ, ನಾನೇ ಮೇಸ್ತ್ರಿ ಆಗ್ಬಿಟ್ನಲ್ಲ' ಎಂದುಕೊಂಡಳು.

ಶನಿವಾರ ಮೇಸ್ತ್ರಿ ಕೈಕಟ್ಟಿ ಬಾಗಿಲಲ್ಲಿ ನಿಂತ. ಅಕ್ಕ ಶೀಟಿನ ತುದಿ ಹಿಡಿದವಳು ಕೂಗಲಿಲ್ಲ. ಮನಸ್ಸಿನಲ್ಲೇ ಒಂದು ಬಾಲ ಕತ್ತರಿಸಿ, ಗಲ್ಲ ಎತ್ತಿ ಹೊಸಬಳಿಗೆ ಹೇಳಿದಳು: "ಮಾಂದಾ." ಹುಕುಂ ಮಾಡು, ನೀನು.

ಹುಡುಗಿ ಕಣ್ಣರಳಿಸಿ ನೋಡಿದಳು. ಆಮೇಲೆ ಗೋಡೆ ಅದುರುವಂತೆ, "ಎಸ್ತೀರಾ!"

ಅಕ್ಕ ಎಳೆದಳು. ಶೀಟು ತಮಟೆಯ ಹಾಗೆ ಬಿಗಿಯಿತು. "ದೊಬ್ಲಾ!" ಮಡಚಿದಳು. "ಎಸ್ಪೇರಾ!" ನಿಂತಳು, ಹುಡುಗಿ ನಡೆದು ಬಂದಳು. ಅಂಚಿಗೆ ಅಂಚು ಕೂತಿತು. ಮುಂದಿನ ಶೀಟಿಗೆ ಅಕ್ಕನ ಸರದಿ, ಅದರ ಮುಂದಿನದಕ್ಕೆ ಹುಡುಗಿಯದು. ಮಡಿಕೆಗಳು ಇಟ್ಟಿಗೆಯಂತೆ ಪೇರಿಸಿಕೊಂಡವು.

"ಇಲ್ಲಿ ಯಾರು ಯಾರಿಗೆ ಹೇಳ್ತಿರೋದು?" ಎನ್ನುತ್ತ ಮೇಸ್ತ್ರಿ ಮಡಿಕೆ ಮುಟ್ಟಲು ನಡುವೆ ನುಗ್ಗಿದ.

"ಎಸ್ಪೇರಾ!" ಎಂದಳು ಹುಡುಗಿ.

ಆ ಮಾತನ್ನು ಮೇಸ್ತ್ರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಕಂಬದಂತೆ ನಿಂತ. ಅಕ್ಕ ನಗು ತಡೆಯಲಾಗದೆ ಶೀಟಿನಲ್ಲೇ ಮುಖ ಮುಚ್ಚಿಕೊಂಡಳು.

"ಆಯ್ತಾಯ್ತು," ಎಂದು ಮೇಸ್ತ್ರಿ ಹಿಂದೆ ಸರಿದ. "ಸೋಮವಾರ ಇಬ್ರೂ ಹೊತ್ತಿಗೆ ಸರಿಯಾಗಿ ಬನ್ನಿ."