ಬೀಳದ ವಾರ್ಡು

ನಮ್ಮಕ್ಕ ಮೂವತ್ತಾರು ವರ್ಷ ನರ್ಸ್ ಆಗಿದ್ದಳು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ವಯಸ್ಸಾದ ಹೆಂಗಸರ ವಾರ್ಡು ಅವಳ ಕೈಯಲ್ಲಿತ್ತು. ಆಸ್ಪತ್ರೆಯವರು ಬೆನ್ನ ಹಿಂದೆ ಅವಳನ್ನು 'ಕಟ್ಟುನಿಟ್ಟಮ್ಮ' ಅನ್ನುತ್ತಿದ್ದರು. ನಾನು ಎದುರಿಗೇ ಅನ್ನುತ್ತಿದ್ದೆ. ತಂಗಿಯಾಗಿ ಹುಟ್ಟಿ ಅಷ್ಟೆಲ್ಲ ಬೈಸಿಕೊಂಡ ಮೇಲೆ ಅಷ್ಟಾದರೂ ಬೇಡವೇ? ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಿದರೆ ತಪ್ಪು ಮೊಲದ್ದೇ ಅನ್ನುವ ಪೈಕಿ.

ಮೊದಲ ತಿಂಗಳೊಂದನ್ನು ಬಿಟ್ಟರೆ ಆ ಹನ್ನೊಂದು ವರ್ಷ ಅವಳ ವಾರ್ಡಿನಲ್ಲಿ ಒಬ್ಬರೇ ಒಬ್ಬರೂ ಬಿದ್ದು ಕೈಕಾಲು ಮುರಿದುಕೊಳ್ಳಲಿಲ್ಲ. ಆಡಳಿತದವರು ಮೆಚ್ಚಿಕೊಂಡು ಶಾಲು ಹೊದಿಸದಿದ್ದರೂ ಒಂದು ಹೊಗಳಿಕೆಯ ಪತ್ರ ಕೊಟ್ಟರು. ಯಾರೂ ಬೀಳಲಿಲ್ಲ, ನಿಜ. ಯಾಕೆಂದರೆ ಯಾರೂ ಏಳಲೇ ಇಲ್ಲ. ಎದ್ದರೆ ತಾನೇ ಬೀಳುವುದು! ಮಂಚದ ಎರಡೂ ಬದಿಗೆ ಕಂಬಿ, ಸೊಂಟಕ್ಕೆ ಡೈಪರು, ಮಂಚದ ಕಾಲ ಬಳಿ ಪ್ಲಾಸ್ಟಿಕ್ ಹೊದಿಸಿದ ನಿಯಮಪಟ್ಟಿ. ಅದರಲ್ಲಿ ಮೊದಲನೆಯದು: 'ಎಪ್ಪತ್ತು ದಾಟಿದವರು ಯಾವ ಕಾರಣಕ್ಕೂ ಮಂಚದಿಂದ ಇಳಿಯಕೂಡದು.' ಕೆಳಗೆ ನಮ್ಮಕ್ಕನ ದಪ್ಪ ಸಹಿ.

ಅವಳು ನಿವೃತ್ತಳಾಗಿ ಹದಿನಾಲ್ಕು ವರ್ಷವಾಯಿತು. ಈಗ ಅವಳಿಗೆ ಎಪ್ಪತ್ತನಾಲ್ಕು, ನನಗೆ ಎಪ್ಪತ್ತೊಂದು. ಅವಳು ಮದುವೆಯಾಗಲಿಲ್ಲ, ನಾನು ಆಗಿ ಬುದ್ಧಿ ಕಲಿತು ವಾಪಸ್ಸು ಬಂದೆ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಒಂದರಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಅವಳ ಬಾಯಿ. ದಿನಕ್ಕೆ ನಾಲ್ಕು ಸಲ ಕಿತ್ತಾಡಿಕೊಂಡು ಸುಖವಾಗಿದ್ದೆವು. ಆ ಕಟ್ಟಡಕ್ಕೆ ಲಿಫ್ಟಿಲ್ಲ. ನಲವತ್ತೆಂಟು ಮೆಟ್ಟಿಲು.

ಆ ಮೆಟ್ಟಿಲುಗಳನ್ನು ಅವಳು ತನ್ನ ಕಾಲಲ್ಲೇ ಇಳಿದು ಆಸ್ಪತ್ರೆಗೆ ಹೋದಳು. ಜ್ವರ, ಕೆಮ್ಮು, ಎದೆಯಲ್ಲಿ ಗೊರಗೊರ. ನ್ಯುಮೋನಿಯಾ ಅಂದರು, ಸೇರಿಸಿಕೊಂಡರು. ಎಲ್ಲಿಗೆ ಅಂತೀರಿ? ಅವಳದೇ ವಾರ್ಡಿಗೆ. ಅಲ್ಲಿ ಈಗಿನ ಮುಖ್ಯ ನರ್ಸ್ ಒಂದು ಕಾಲದಲ್ಲಿ ಇವಳ ಕೈಕೆಳಗೆ ಕೆಲಸ ಕಲಿತವಳು. ಆಗ ಮಾತೆತ್ತಿದರೆ ಕಣ್ಣೀರು ಹಾಕುತ್ತಿದ್ದಳೆಂದು ನಮ್ಮಕ್ಕ ಅವಳಿಗೆ 'ಅಳುಬುರುಕಿ' ಎಂದು ಹೆಸರಿಟ್ಟಿದ್ದಳು. ಅಳಿಸುತ್ತಿದ್ದವರು ಯಾರು ಎಂದು ಮಾತ್ರ ಕೇಳಬಾರದು.

"ಸಿಸ್ಟರ್, ನೀವು ಬಂದಿರೋದು ನಮ್ಮ ಪುಣ್ಯ! ನಿಮ್ಮ ಪದ್ಧತಿ ಒಂದು ಕೂದಲಷ್ಟೂ ಬದಲಾಯಿಸಿಲ್ಲ ನೋಡಿ," ಎನ್ನುತ್ತಾ ಅವಳು ಕಂಬಿ ಮೇಲೆತ್ತಿದಳು. ಟಕ್ ಎಂದಿತು. ಆಮೇಲೆ ಡೈಪರು ಬಂತು.

"ನಂಗ್ಯಾಕೆ ಇದು? ಬಚ್ಚಲು ಅಲ್ಲೇ ಇದೆಯಲ್ಲ," ಅಂದಳು ಅಕ್ಕ.

"ನೀವೇ ಹೇಳ್ಕೊಟ್ಟಿದ್ದಲ್ವಾ ಸಿಸ್ಟರ್?"

ಗುರುವಿಗೆ ತಿರುಮಂತ್ರ. ನಾನು ಮುಖ ಆಚೆ ತಿರುಗಿಸಿಕೊಂಡು ನಕ್ಕೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಡಾಕ್ಟರು ದಿನಕ್ಕೊಮ್ಮೆ ಬರುತ್ತಿದ್ದರು. ಚಿಕ್ಕ ವಯಸ್ಸು, ದೊಡ್ಡ ಗಂಟಲು. "ಅಜ್ಜೀ, ಹೇಗಿದೀರಾ?" ಎಂದು ಪಕ್ಕದ ಕಟ್ಟಡಕ್ಕೂ ಕೇಳುವಂತೆ ಕೂಗಿ, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿ, "ಇವ್ರು ಊಟ ಮಾಡ್ತಿದಾರಾ?" ಅನ್ನುತ್ತಿದ್ದರು.

"ನ್ಯುಮೋನಿಯಾ ಬಂದಿರೋದು ಎದೆಗೆ ಡಾಕ್ಟ್ರೇ, ಕಿವಿಗಲ್ಲ," ಅಂದಳು ಅಕ್ಕ. ಡಾಕ್ಟರು ಫೈಲಿನಲ್ಲಿ ಏನೋ ಬರೆದರು. 'ಸಿಡುಕು' ಎಂದೇ ಇರಬೇಕು.

ಜ್ವರ ಐದನೇ ದಿನಕ್ಕೆ ಬಿಟ್ಟಿತು. ಒಂಬತ್ತನೇ ದಿನ ಗುರುವಾರ, ಎದೆ ಸ್ವಚ್ಛವಾಗಿದೆ, ಮನೆಗೆ ಹೋಗಬಹುದು ಅಂದರು. ಹಾಗಾದರೆ ನಡೆಸಿ ನೋಡೋಣ ಎಂದು ವ್ಯಾಯಾಮ ಮಾಡಿಸುವವಳು ಬಂದು ಎಬ್ಬಿಸಿ ನಿಲ್ಲಿಸಿದಳು. ಅಕ್ಕನ ಮಂಡಿಗಳು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡವು. ಒಂಬತ್ತು ದಿನ ಮಲಗಿಸಿಟ್ಟರೆ ಎಪ್ಪತ್ತನಾಲ್ಕರ ಕಾಲು ಇನ್ನೇನು ಮಾಡುತ್ತದೆ, ಕುಣಿಯುತ್ತದೆಯೇ? ವ್ಯಾಯಾಮದವಳು 'ನಡೆಯಲಾರರು' ಎಂದು ಬರೆದು ಹೋದಳು.

ಡಾಕ್ಟರು ಆ ಚೀಟಿ ನೋಡಿ ನನಗೆ ಹೇಳಿದರು: "ಸೋಮವಾರದವರೆಗೆ ನೋಡೋಣ. ಬಚ್ಚಲವರೆಗೆ ಹೋಗಿ ಬರೋ ಅಷ್ಟಾದ್ರೆ ಮನೆಗೆ. ಇಲ್ಲಾಂದ್ರೆ ಆರೈಕೆ ಕೇಂದ್ರಕ್ಕೆ ಬರ್ಕೊಡ್ತೀನಿ. ನಿಮ್ಮ ಕೈಲಿ ಇವರನ್ನ ಎತ್ತಕ್ಕಾಗುತ್ತಾ? ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

ಅವರು ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳು ನನ್ನ ಕೈ ಹಿಡಿದಿದ್ದು ನಮ್ಮಮ್ಮ ಸತ್ತ ದಿನ ಬಿಟ್ಟರೆ ಅವತ್ತೇ.

"ನಾನೇ ಎಷ್ಟು ಜನರನ್ನ ಅಲ್ಲಿಗೆ ಕಳ್ಸಿದೀನಿ ಕಣೇ. ಒಬ್ರೂ ವಾಪಸ್ ಬಂದಿದ್ದು ಗೊತ್ತಿಲ್ಲ."

"ಬಾಯ್ಮುಚ್ಚು, ನಿನ್ನನ್ಯಾರು ಕಳಿಸ್ತಾರೆ," ಅಂದೆ. ಅಂದದ್ದೇನೋ ಸರಿ. ನಲವತ್ತೆಂಟು ಮೆಟ್ಟಿಲು ಅವಳನ್ನು ನಾನು ಹೊರುವುದೇ? ನನ್ನನ್ನು ಹೊರುವವರು ಬೇಕು.

ಈಗ ಪರಿಸ್ಥಿತಿ ನೋಡಿ. ಮನೆಗೆ ಹೋಗಬೇಕಾದರೆ ನಡೆಯಬೇಕು. ನಡೆಯಬೇಕಾದರೆ ಅಭ್ಯಾಸ ಮಾಡಬೇಕು. ಅಭ್ಯಾಸ ಮಾಡಬೇಕಾದರೆ ಮಂಚ ಇಳಿಯಬೇಕು. ಮಂಚ ಇಳಿಯಕೂಡದು ಎಂದು ಸಾಕ್ಷಾತ್ ನಮ್ಮಕ್ಕನ ಸಹಿಯೇ ಕಾಲ ಬಳಿ ಕೂತು ಕಾಯುತ್ತಿದೆ. ಮಾಡಿದ್ದುಣ್ಣೋ ಮಹರಾಯ!

ಶುಕ್ರವಾರ ಅಕ್ಕ ಹಳೇ ಗತ್ತು ತೋರಿಸಿದಳು. "ಏಯ್, ಕಂಬಿ ಇಳಿಸು. ನಾನು ಹೇಳ್ತಿದೀನಿ."

ಅಳುಬುರುಕಿ ಕೈಮುಗಿದಳು. "ಬೇಡಿ ಸಿಸ್ಟರ್. ನೀವು ಬಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ನಿಮ್ಮ ವಾರ್ಡಲ್ಲಿ ನೀವೇ ಬಿದ್ರಿ ಅಂತಾಗುತ್ತೆ."

ಅಕ್ಕನ ಮೇಲಿನ ಗೌರವ ಅವಳಿಗೆ ನಿಜವಾಗಿಯೂ ಅಷ್ಟಿತ್ತು. ಸ್ವಲ್ಪ ಕಡಿಮೆ ಇದ್ದಿದ್ದರೆ ಅಕ್ಕ ಆ ಹೊತ್ತಿಗೆ ಕಾರಿಡಾರಿನಲ್ಲಿ ಓಡಾಡುತ್ತಿದ್ದಳು. ನಾನೇ ಕಂಬಿ ಇಳಿಸಲು ಹೋದೆ. ಅದರ ಚಿಲಕ ಎಲ್ಲಿದೆಯೋ, ಬೆರಳು ಸಿಕ್ಕಿಸಿಕೊಂಡು ಕೂಗಿಕೊಂಡೆ. ಅಳುಬುರುಕಿ ನನ್ನ ಬೆರಳಿಗೆ ಪಟ್ಟಿ ಕಟ್ಟಿ, "ಇನ್ನು ಹೀಗೆ ಮಾಡಿದ್ರೆ ಹೊರಗೆ ಕೂರಿಸ್ತೀನಿ ಆಂಟಿ," ಎಂದು ನನಗೇ ಗದರಿದಳು.

ಶನಿವಾರ ಬೆಳಿಗ್ಗೆ ಅಳುಬುರುಕಿ ರಕ್ತದೊತ್ತಡ ನೋಡಲು ಬಂದಾಗ ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

"ಈ ನಿಯಮ ನಾನ್ಯಾಕೆ ಮಾಡ್ದೆ ಗೊತ್ತಾ ನಿಂಗೆ?"

"ಪೇಷಂಟು ಬೀಳಬಾರ್ದು ಅಂತ."

"ಅಲ್ಲ. ನಾನು ವಾರ್ಡಿಗೆ ಬಂದ ಮೊದಲನೇ ತಿಂಗಳು ಒಬ್ಬರು ಬಿದ್ದು ಸೊಂಟ ಮುರ್ಕೊಂಡ್ರು, ಸತ್ತೋದ್ರು. ಅವ್ರ ಮಗ ಎಲ್ಲರ ಮುಂದೆ ನನ್ನನ್ನ ಕೊಲೆಗಾತಿ ಅಂದ. ಮೇಲಿನವರು ಮೆಮೊ ಕೊಟ್ರು. ಹೆದರಿಬಿಟ್ಟೆ. ನನ್ನ ಹೆದರಿಕೆಗೆ ನಾನು ಕಂಬಿ ಹಾಕಿದ್ದು, ಅವರ ಕ್ಷೇಮಕ್ಕಲ್ಲ." ಅಕ್ಕ ಉಸಿರು ಎಳೆದುಕೊಂಡಳು. "ನಡ್ಕೊಂಡು ಬಂದವರನ್ನೆಲ್ಲ ಮಲಗಿಸಿ ಮಲಗಿಸಿ ಕೇಂದ್ರಕ್ಕೆ ಕಳಿಸ್ದೆ. ನನಗೆ ಕಾಣ್ತಿತ್ತು. ಕಂಡೂ ಸುಮ್ನಿದ್ದೆ. ನಾನು ನಿಂಗೆ ತಪ್ಪು ಹೇಳ್ಕೊಟ್ಟೆ ಮಗಾ."

ನಮ್ಮಕ್ಕನ ಬಾಯಲ್ಲಿ ತಪ್ಪು ಎಂಬ ಮಾತು ನೂರಾರು ಸಲ ಕೇಳಿದ್ದೇನೆ. ಪ್ರತಿಸಲವೂ ಅದು ನನ್ನದಾಗಿರುತ್ತಿತ್ತು. ತನ್ನದು ಎಂದದ್ದು ಅದೇ ಮೊದಲು. ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಅಳುಬುರುಕಿ ಹೆಸರಿಗೆ ತಕ್ಕಂತೆ ಅತ್ತಳು. ಅತ್ತು ಮುಗಿಸಿ, ಆ ಕಡೆ ಈ ಕಡೆ ನೋಡಿ, ಕಂಬಿ ಇಳಿಸಿದಳು.

ಅವತ್ತು ಅಕ್ಕ ಕೂತಳು, ನಿಂತಳು, ಬಯ್ದಳು. ಭಾನುವಾರ ನಾಲ್ಕು ಹೆಜ್ಜೆ, ಸಂಜೆಗೆ ಒಂಬತ್ತು. ಒಂದು ಬದಿಗೆ ಅಳುಬುರುಕಿ, ಇನ್ನೊಂದು ಬದಿಗೆ ಆಸರೆಯ ಹೆಸರಿನಲ್ಲಿ ನಾನು. "ನೀನು ನನ್ನ ಹಿಡ್ಕೊಂಡಿದೀಯೋ, ನಾನು ನಿನ್ನ ಹಿಡ್ಕೊಂಡಿದೀನೋ?" ಎಂದು ಅಕ್ಕ ಕೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಬಾಯಿಗೆ ಬಲ ಬಂದರೆ ಕಾಲಿಗೂ ಬಂದೀತು.

ಸೋಮವಾರ ಹತ್ತು ಗಂಟೆಗೆ ಡಾಕ್ಟರು ಬಾಗಿಲ ಬಳಿ ಫೈಲು ಹಿಡಿದು ನಿಂತರು. ಅಕ್ಕ ಅಳುಬುರುಕಿಯ ತೋಳು ಹಿಡಿದು ಹೊರಟಳು. ವಾರ್ಡಿನ ಹನ್ನೆರಡು ಮಂಚದವರೂ ಕಂಬಿಗಳ ನಡುವಿನಿಂದ ನೋಡುತ್ತಿದ್ದರು. ಬಚ್ಚಲು ಮುಟ್ಟಿದಳು, ತಿರುಗಿದಳು. ಇನ್ನರ್ಧ ದಾರಿ ಉಳಿದಿತ್ತು. ಡಾಕ್ಟರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

ಅಷ್ಟರಲ್ಲಿ ಗೋಡೆಯ ಪಕ್ಕದ ಮಂಚದಿಂದ, ಮೊನ್ನೆ ತಾನೇ ಬಂದಿದ್ದ ಒಬ್ಬ ಮುದುಕಿ ಕಂಬಿಯ ಆಚೆಗೆ ಕೈ ಚಾಚಿದರು. "ಅಮ್ಮಾ, ನನ್ನನ್ನೂ ಒಂದ್ಸಲ ಬಚ್ಚಲಿಗೆ ಕರ್ಕೊಂಡೋಗ್ತೀರಾ? ನಂಗೆ ನಡೆಯಕ್ಕೆ ಬರುತ್ತೆ. ಯಾರೂ ನಂಬಲ್ಲ."

ಅಕ್ಕ ನಿಂತುಬಿಟ್ಟಳು. "ನಡಿ ಅಕ್ಕಾ, ಇನ್ನು ಹತ್ತೇ ಹೆಜ್ಜೆ," ಎಂದು ನಾನು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅವಳು ಅಳುಬುರುಕಿಯ ತೋಳು ಬಿಟ್ಟು ಎರಡೂ ಅಂಗೈಯನ್ನು ಗೋಡೆಗೆ ಊರಿದಳು. ಮಂಡಿ ಗಡಗಡ ನಡುಗುತ್ತಿದ್ದವು.

"ಕಂಬಿ ಇಳಿಸು. ಮೊದಲು ಅವರನ್ನ ಕರ್ಕೊಂಡೋಗು," ಅಂದಳು.

"ಅಜ್ಜೀ, ಮೊದಲು ನಿಮ್ಮದು ಮುಗಿಸಿ! ನಂಗೆ ಬೇರೆ ವಾರ್ಡಿದೆ!" ಎಂದು ಡಾಕ್ಟರು ಕೂಗಿದರು.

"ಇಂಥವರು ಹನ್ನೊಂದು ವರ್ಷ ನನ್ನ ಮಾತು ಕೇಳ್ಕೊಂಡು ಮಲಗಿದ್ರು ಡಾಕ್ಟ್ರೇ," ಅಂದಳು ಅಕ್ಕ, ಗೋಡೆ ಬಿಡದೆ. "ನೀವು ಐದು ನಿಮಿಷ ನಿಂತ್ಕೊಳ್ಳಿ. ನಾನೂ ನಿಂತಿರ್ತೀನಿ."